ಗುಡ್ಡೆಗೆ ಬೆಂಕಿ ಬಿದ್ದರೆ ಮೊದಲ ಅರ್ಧ ಗಂಟೆ ಯಾರ ಕೈಯಲ್ಲಿ? ಬಂಡೀಪುರ ಕಲಿಸಿದ್ದು, ಎಲ್ಲೂರಿಗೆ ಬೇಕಾದದ್ದು

ಎಲ್ಲೂರು: ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುವ ಕರಾವಳಿಯಲ್ಲಿ ಕಾಡ್ಗಿಚ್ಚಿನ ಮಾತೆತ್ತಿದರೆ "ಇಲ್ಲಿ ಎಂತ ಕಾಡ್ಗಿಚ್ಚು ಮಾರಾಯ್ರೆ, ಅದು ಬಂಡೀಪುರದ ಕಥೆ" ಎನ್ನುವವರೇ ಜಾಸ್ತಿ. ಆದರೆ ಬೆಂಕಿಗೆ ಬೇಕಾದ ಮೇವನ್ನು ಬೆಳೆಸುವುದು ಅದೇ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಟ್ಟವಾಗಿ ಬೆಳೆದ ಮುಳಿಹುಲ್ಲು ಜನವರಿ ಬರುವಾಗ ಒಣಗಿ ಕಡ್ಡಿಯಾಗಿರುತ್ತದೆ. ಮುರಕಲ್ಲಿನ ಪಾದೆಯಲ್ಲಿ ನೀರು ನಿಲ್ಲುವುದಿಲ್ಲ. ಗೇರು, ಅಕೇಶಿಯಾ ತೋಪುಗಳ ಅಡಿಯಲ್ಲಿ ತರಗೆಲೆ ಹಾಸಿಗೆಯಂತೆ ಬಿದ್ದಿರುತ್ತದೆ. ಆಮೇಲೆ ಒಂದು ಬೀಡಿ ತುಂಡು ಸಾಕು.

ಬಂಡೀಪುರದಲ್ಲಿ ಆದದ್ದೇನು?

ರಾಜ್ಯ ಕಂಡ ದೊಡ್ಡ ಕಾಡ್ಗಿಚ್ಚುಗಳಲ್ಲಿ ಒಂದು 2019ರ ಫೆಬ್ರವರಿಯದ್ದು. ಫೆಬ್ರವರಿ 21ರ ಸುಮಾರಿಗೆ ಕಾಣಿಸಿದ ಬೆಂಕಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತ ಹಬ್ಬಿತು. ಒಣಗಿದ ಲಂಟಾನ ಪೊದೆ, ಎತ್ತರದ ಹುಲ್ಲು, ಅದರ ಮೇಲೆ ಬಿರುಗಾಳಿ ಮೂರೂ ಸೇರಿದವು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರ ನೋಡಿ ಕೊಟ್ಟ ಲೆಕ್ಕದಂತೆ ಸುಟ್ಟದ್ದು 4,419 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 10,900 ಎಕರೆ.

ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ದೊಡ್ಡ ಬಕೆಟ್ ತೂಗಿಸಿಕೊಂಡು ನೀರು ಸುರಿದ ದೃಶ್ಯ ಎಲ್ಲರ ಮೊಬೈಲಿನಲ್ಲೂ ಓಡಾಡಿತ್ತು. ಆದರೆ ಅವು ಕೆಲಸ ಶುರು ಮಾಡಿದ್ದು ಫೆಬ್ರವರಿ 25ರಂದು. ಅಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು. ಆ ನಾಲ್ಕು ದಿನವೂ ಬೆಂಕಿಯ ಎದುರು ನಿಂತವರು ಅರಣ್ಯ ರಕ್ಷಕರು, ದಿನಗೂಲಿಯ ಬೆಂಕಿ ಕಾವಲುಗಾರರು, ಸುತ್ತಲಿನ ಹಳ್ಳಿಯವರು ಮತ್ತು ಸ್ವಯಂಸೇವಕರು. ಕೈಯಲ್ಲಿ ಇದ್ದದ್ದು ಹೆಚ್ಚಾಗಿ ಹಸಿ ಸೊಪ್ಪಿನ ಕೊಂಬೆ. ಮೇಲಿಂದ ನೀರು ಸುರಿದರೆ ಬೆಂಕಿಯ ಉರಿ ತಗ್ಗುತ್ತದೆ ಅಷ್ಟೆ. ಬುಡದಲ್ಲಿ ಹೊಗೆಯಾಡುವ ಮರದ ಕೊರಡನ್ನು ಮನುಷ್ಯನೇ ಹೋಗಿ ನಂದಿಸಬೇಕು. ಇಲ್ಲದಿದ್ದರೆ ಮರುದಿನ ಗಾಳಿ ಬೀಸುವಾಗ ಅದೇ ಜಾಗದಲ್ಲಿ ಮತ್ತೆ ಕಿಡಿ ಏಳುತ್ತದೆ.

ಜೀವಗಳೂ ಹೋಗಿವೆ. 2017ರ ಫೆಬ್ರವರಿಯಲ್ಲಿ ಇದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಅರಣ್ಯ ರಕ್ಷಕ ಮುರುಗೆಪ್ಪ ತಮ್ಮನಗೋಳ ಬೆಂಕಿಗೆ ಬಲಿಯಾದರು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲೂಕಿನ ಕಾಡುಮನೆ ಬಳಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕ ಸುಂದರೇಶ್ ತೀರಿಕೊಂಡರು. ಇಬ್ಬರೂ ಕಾಡು ಬಲ್ಲವರು, ಇಲಾಖೆಯವರು. ಅಂಥವರಿಗೇ ಹೀಗಾದರೆ, ಲುಂಗಿ ಎತ್ತಿ ಕಟ್ಟಿ ಗುಡ್ಡೆ ಹತ್ತುವ ನಮ್ಮ ಹುಡುಗರ ಗತಿ ಏನು?

ಎಲ್ಲೂರಿನ ಲೆಕ್ಕ ಬೇರೆ

ನಮ್ಮಲ್ಲಿ ಹುಲಿ ಸಂರಕ್ಷಿತ ಕಾಡು ಇಲ್ಲ. ದೊಡ್ಡ ಕಾಡು ಇರುವುದು ಮೂಡು ದಿಕ್ಕಿನಲ್ಲಿ, ಕಾರ್ಕಳ-ಹೆಬ್ರಿ ಕಡೆಯ ಘಟ್ಟದ ಬುಡದಲ್ಲಿ. ನಮ್ಮಲ್ಲಿ ಇರುವುದು ಗುಡ್ಡೆ, ಹಾಡಿ, ತೋಟ, ಅದರ ನಡುವೆಯೇ ಮನೆ. ಬಂಡೀಪುರದಲ್ಲಿ ಬೆಂಕಿ ಊರು ಮುಟ್ಟಲು ಮೈಲುಗಟ್ಟಲೆ ಓಡಬೇಕು. ಇಲ್ಲಿ ಹುಲ್ಲಿನ ಅಂಚಿಗೂ ಹಟ್ಟಿಗೂ ನಡುವೆ ಇರುವುದು ಒಂದು ಪಾಗಾರ ಮಾತ್ರ. ಹಟ್ಟಿಯ ಅಟ್ಟದಲ್ಲಿ ಬೈಹುಲ್ಲು, ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್.

ಉಷ್ಣವಿದ್ಯುತ್ ಸ್ಥಾವರ ಇರುವ ಊರಾದ್ದರಿಂದ ಇಲ್ಲಿಂದ 400 ಕೆವಿ, 220 ಕೆವಿ ಮಾರ್ಗಗಳೂ ಹೊರಡುತ್ತವೆ. ಲೈನಿನ ಕೆಳಗೆ ಗಿಡಗಂಟಿ ಸವರಿ ಇಡುವುದು ಬರೀ ಅಂದಕ್ಕಲ್ಲ. 2018ರ ನವೆಂಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪ್ಯಾರಡೈಸ್ ಎಂಬ ಊರನ್ನು ಸುಟ್ಟು 85 ಜನರನ್ನು ಬಲಿ ಪಡೆದ ಬೆಂಕಿ ಹುಟ್ಟಿದ್ದು ಹಳೆಯ ವಿದ್ಯುತ್ ಮಾರ್ಗದ ದೋಷದಿಂದ. ನಮ್ಮ ತೋಟದ ಮೇಲೆ ಜೋತು ಬಿದ್ದ ಸಣ್ಣ ಲೈನು ಕೂಡ ಗಾಳಿಗೆ ಒಂದಕ್ಕೊಂದು ತಾಗಿದರೆ ಕಿಡಿ ಉದುರಿಸುತ್ತದೆ. ಇದನ್ನು ಮೆಸ್ಕಾಂಗೆ ತಿಳಿಸಬೇಕಾದದ್ದು ಬೇಸಿಗೆಗೆ ಮೊದಲು.

ಗಾಳಿಯ ಲೆಕ್ಕವೂ ಮುಖ್ಯ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಏಳುತ್ತದೆ, ಬೆಂಕಿಯನ್ನು ಮೂಡಕ್ಕೆ ದೂಡುತ್ತದೆ. ರಾತ್ರಿ ಗಾಳಿ ತಿರುಗುತ್ತದೆ. ಸಂಜೆ "ಆ ಕಡೆ ಹೋಯಿತಲ್ಲ" ಎಂದು ಸುಮ್ಮನಾದ ಬೆಂಕಿ ಬೆಳಗಿನ ಜಾವ ಹಿಂದೆ ಬರಬಹುದು.

ಉಪಗ್ರಹ ಕಾಣುತ್ತದೆ, ಆದರೆ...

ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದಿಂದ ಬೆಂಕಿ ಗುರುತಿಸಿ ಮೊಬೈಲಿಗೆ ಸಂದೇಶ ಕಳಿಸುತ್ತದೆ. ದೊಡ್ಡ ಕಾಡಿಗೆ ಇದು ಬಹಳ ಉಪಯೋಗ. ಆದರೆ ಆ ಉಪಗ್ರಹ ದಿನಕ್ಕೆ ಕೆಲವೇ ಸಲ ತಲೆಯ ಮೇಲೆ ಹಾದುಹೋಗುತ್ತದೆ. ಅರ್ಧ ಎಕರೆ ಗುಡ್ಡೆಯ ಬೆಂಕಿ ಅದರ ಕಣ್ಣಿಗೆ ಬೀಳುವ ಮೊದಲೇ ತೋಟದೊಳಗೆ ಇಳಿದಿರುತ್ತದೆ. ಅಗ್ನಿಶಾಮಕ ವಾಹನ ಬಂದರೂ ಓಣಿಯಂಥ ದಾರಿಯಲ್ಲಿ ಗುಡ್ಡೆಯ ತಲೆಗೆ ಹೋಗದು. ಹಾಗಾಗಿ ಮೊದಲ ಅರ್ಧ ಗಂಟೆ ಊರಿನವರದ್ದೇ. ಇದನ್ನು ಒಪ್ಪಿಕೊಂಡು ತಯಾರಿ ಮಾಡುವುದೇ ಜಾಣತನ.

"ಸುಟ್ಟರೆ ಹೊಸ ಹುಲ್ಲು ಬರ್ತದೆ" ಎಂಬ ಮಾತು

ಹಿರಿಯರು ಹೀಗೆ ಹೇಳುವುದರಲ್ಲಿ ಸತ್ಯ ಇಲ್ಲವೆಂದಲ್ಲ. ಸುಟ್ಟ ಜಾಗದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಬೂದಿ ಗೊಬ್ಬರವಾಗುತ್ತದೆ. ಆದರೆ ಹಿಂದೆ ಗುಡ್ಡೆಯ ಹುಲ್ಲನ್ನು ಮಾಡಿಗೆ, ಹಟ್ಟಿಗೆ ಕೊಯ್ದು ತರುತ್ತಿದ್ದರು. ತರಗೆಲೆಯನ್ನು ಗುಡಿಸಿ ಗೊಬ್ಬರಕ್ಕೆ ಹಾಕುತ್ತಿದ್ದರು. ಸುಡಲು ಉಳಿಯುತ್ತಿದ್ದದ್ದೇ ಕಡಿಮೆ. ಈಗ ಹೆಂಚು, ಸ್ಲ್ಯಾಬ್ ಬಂದಿದೆ, ದನ ಕಮ್ಮಿಯಾಗಿದೆ, ಕೊಯ್ಯುವವರಿಲ್ಲ. ಅದೇ ಬೆಂಕಿ ಈಗ ಹಾಕಿದರೆ ಹಿಂದಿನ ಹಾಗೆ ಹತೋಟಿಯಲ್ಲಿ ಇರುವುದಿಲ್ಲ.

ಏನು ಮಾಡಬಹುದು?

ಡಿಸೆಂಬರ್‌ನಲ್ಲೇ ಮನೆ, ತೋಟದ ಸುತ್ತ ಕೆಲವು ಅಡಿ ಅಗಲ ಹುಲ್ಲು, ತರಗೆಲೆ ಕೆರೆದು ಮಣ್ಣು ಕಾಣುವಂತೆ ಮಾಡಬೇಕು. ಅರಣ್ಯ ಇಲಾಖೆ ಬೇಸಿಗೆಗೆ ಮೊದಲು ಬೆಂಕಿ ರೇಖೆ ಮಾಡುವುದೂ ಇದೇ ಲೆಕ್ಕದಲ್ಲಿ. ಪಂಚಾಯತ್ ಗ್ರಾಮಸಭೆಯಲ್ಲಿ ಇದನ್ನು ಒಂದು ವಿಷಯವಾಗಿ ಇಟ್ಟು, ಎಲ್ಲಿ ಬಾವಿ, ಎಲ್ಲಿ ಪಂಪು, ಯಾವ ದಾರಿಯಲ್ಲಿ ದೊಡ್ಡ ವಾಹನ ಹೋಗುತ್ತದೆ ಎಂಬ ಪಟ್ಟಿ ಮಾಡಿದರೆ ಖರ್ಚೇನೂ ಇಲ್ಲ.

ಅಂಗಡಿಯವರು ರಟ್ಟು, ಪ್ಲಾಸ್ಟಿಕ್‌ಗೆ ಹಿತ್ತಲಲ್ಲಿ ಬೆಂಕಿ ಕೊಟ್ಟು ಬಾಗಿಲು ಹಾಕಿ ಹೋಗುವ ಕ್ರಮ ಬಿಡಬೇಕು. ಕಸದ ವಾಹನಕ್ಕೆ ಕೊಟ್ಟರೆ ಮುಗಿಯಿತು. ಬೆಂಕಿಯಿಂದ ನಷ್ಟವಾದರೆ ವಿಮೆಯವರು ಸಾಮಾನ್ಯವಾಗಿ ಅಗ್ನಿಶಾಮಕ ದಳದ ವರದಿ ಕೇಳುತ್ತಾರೆ. "ನಾವೇ ನಂದಿಸಿದೆವು" ಎಂದು ಕರೆ ಮಾಡದೆ ಬಿಟ್ಟರೆ ಆಮೇಲೆ ಕಷ್ಟ.

ಬೆಂಕಿ ಕಂಡ ಕೂಡಲೇ 112 ಅಥವಾ 101ಕ್ಕೆ ಫೋನ್ ಮಾಡಿ, ಕಾಡಿನ ಜಾಗವಾದರೆ ಅರಣ್ಯ ಇಲಾಖೆಗೂ ತಿಳಿಸಿ. ವಿಡಿಯೋ ಆಮೇಲೆ. ನಂದಿಸಲು ಹೋಗುವವರು ಒಬ್ಬರೇ ಹೋಗಬೇಡಿ, ಸಿಂಥೆಟಿಕ್ ಬಟ್ಟೆ ಬೇಡ. ಮುಖ್ಯವಾಗಿ, ಬೆಂಕಿ ಕೆಳಗಿದ್ದಾಗ ಏರಿನ ಮೇಲೆ ನಿಲ್ಲಬೇಡಿ. ಏರಿನಲ್ಲಿ ಬೆಂಕಿ ಮನುಷ್ಯನಿಗಿಂತ ಜೋರಾಗಿ ಓಡುತ್ತದೆ. ಈಗಾಗಲೇ ಸುಟ್ಟ ಜಾಗದ ಕಡೆಯಿಂದ, ಬದಿಯಿಂದ ಬಡಿಯುತ್ತಾ ಹೋಗಿ. ಉರಿ ಆಳೆತ್ತರ ಬಂದರೆ ಹಿಂದೆ ಬನ್ನಿ. ಗೇರು ಮರ ಮತ್ತೆ ನೆಡಬಹುದು.