ನಗೆಯ ಹಿಂದಿನ ದಿನಚರಿ

ಸ್ಕಾಟ್ಲೆಂಡಿನ ಜೇಮ್ಸ್ ಬಾಸ್ವೆಲ್ (1740–1795) ಡಾ. ಸ್ಯಾಮ್ಯುಯೆಲ್ ಜಾನ್ಸನ್‌ನನ್ನು ಮೊದಲು ಕಂಡದ್ದು 1763ರ ಮೇ 16ರಂದು, ಲಂಡನ್ನಿನ ಒಂದು ಪುಸ್ತಕದಂಗಡಿಯಲ್ಲಿ. ಸ್ಕಾಟ್ಲೆಂಡಿನವನಾಗಿ ಹುಟ್ಟಿದ್ದು ತನ್ನ ಕೈಮೀರಿದ ಸಂಗತಿಯೆಂದು ಬಾಸ್ವೆಲ್ ವಿನಯದಿಂದ ಹೇಳಿಕೊಂಡರೆ, ಆ ನಾಡಿನ ಬಹುಮಂದಿಯ ಪಾಡೇ ಅದೆಂದು ಜಾನ್ಸನ್ ಚುಚ್ಚಿದ. ತನಗಾದ ಈ ಮುಖಭಂಗವನ್ನು ಬಾಸ್ವೆಲ್ ಮುಚ್ಚಿಡಲಿಲ್ಲ. 1791ರಲ್ಲಿ ಪ್ರಕಟವಾದ ಜಾನ್ಸನ್ ಚರಿತ್ರೆಯಲ್ಲಿ ತಾನೇ ದಾಖಲಿಸಿದ. ತಾನು ನಗೆಪಾಟಲಾದರೂ ಚಿಂತೆಯಿಲ್ಲ, ನಾಯಕನ ಮಾತು ಉಳಿಯಬೇಕೆಂಬ ಈ ನಿಲುವೇ ಆತನ ವಿನೋದದ ಮೂಲ.

ಬಾಸ್ವೆಲ್ ದಡ್ಡನಾಗಿದ್ದರಿಂದಲೇ ದೊಡ್ಡ ಕೃತಿ ಬರೆದನೆಂಬರ್ಥದ ಮೆಕಾಲೆಯ 1831ರ ತೀರ್ಮಾನ ಬಹುಕಾಲ ಚಲಾವಣೆಯಲ್ಲಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಐರ್ಲೆಂಡಿನ ಮಾಲಹೈಡ್ ಕೋಟೆಯಲ್ಲಿ ಆತನ ಕಾಗದಪತ್ರಗಳು ದೊರೆತು, 1950ರಲ್ಲಿ ಲಂಡನ್ ದಿನಚರಿ ಅಚ್ಚಾದ ಮೇಲೆ ಆ ಮಾತು ನಿಲ್ಲಲಿಲ್ಲ. ಟಿಪ್ಪಣಿಯಿಂದ ದಿನಚರಿಗೆ, ದಿನಚರಿಯಿಂದ ಚರಿತ್ರೆಗೆ ಆತ ಸಾಗಿದ ಬಗೆ ಅಲ್ಲಿ ಸ್ಪಷ್ಟವಾಯಿತು. ದಡ್ಡತನವೆಂದು ಕಂಡದ್ದು ವಾಸ್ತವವಾಗಿ ದುಡಿಮೆಯಾಗಿತ್ತು.

ಕನ್ನಡದಲ್ಲಿ ಇದಕ್ಕೆ ಸಮೀಪದ ಸಾಧನೆ ಡಿ.ವಿ. ಗುಂಡಪ್ಪನವರ (1887–1975) ಎಂಟು ಸಂಪುಟಗಳ ‘ಜ್ಞಾಪಕಚಿತ್ರಶಾಲೆ’. ದಿವಾನರು, ವೈದಿಕರು, ಕಲಾವಿದರು, ಸಾಹಿತಿಗಳು ಅಲ್ಲಿ ತಮ್ಮ ನಡೆನುಡಿ, ಹಟ, ಹಾಸ್ಯಗಳೊಡನೆ ಜೀವಂತವಾಗಿದ್ದಾರೆ. ಆದರೆ ಎರಡು ವ್ಯತ್ಯಾಸಗಳು ಗಮನಾರ್ಹ. ಬಾಸ್ವೆಲ್ ತನ್ನನ್ನೇ ಹಾಸ್ಯಕ್ಕೆ ಗುರಿಮಾಡಿಕೊಂಡರೆ, ಡಿವಿಜಿ ಬಹುಮಟ್ಟಿಗೆ ಬದಿಗೆ ಸರಿದು ನಿಂತ ಸಾಕ್ಷಿ. ಬಾಸ್ವೆಲ್‌ನ ಆಧಾರ ಆಗಿಂದಾಗ ಬರೆದಿಟ್ಟ ಟಿಪ್ಪಣಿ. ಡಿವಿಜಿಯವರದು, ಹೆಸರೇ ಸೂಚಿಸುವಂತೆ, ಜ್ಞಾಪಕ.

ಈ ಎರಡನೆಯ ವ್ಯತ್ಯಾಸವನ್ನು ಸಂಶೋಧನೆ ಗಂಭೀರವಾಗಿ ಪರಿಗಣಿಸಬೇಕು. ನೆನಪಿನ ಬರಹವನ್ನು ಲಘುವೆಂದು ಕಡೆಗಣಿಸುವುದು ಒಂದು ಅತಿರೇಕ. ಅದರ ಪ್ರತಿ ಸಂಭಾಷಣೆಯನ್ನೂ ಶಾಸನದಂತೆ ಉದ್ಧರಿಸುವುದು ಇನ್ನೊಂದು. ವಿನೋದದ ಪ್ರಾಣವಿರುವುದು ಆಡಿದ ಮಾತಿನ ನಿಖರತೆಯಲ್ಲಿ. ನೆನಪು ಮೊದಲು ತಿದ್ದುವುದೂ ಅದನ್ನೇ. ತುಮಕೂರು ಸೀಮೆಯ ಬೆಳ್ಳಾವೆಯ ಹೆಸರು ಹೊತ್ತ ವೆಂಕಟನಾರಣಪ್ಪನವರ ವ್ಯಕ್ತಿಚಿತ್ರವನ್ನು ಓದುವವರು ಅವರು 1918ರಲ್ಲಿ ಆರಂಭಿಸಿದ ‘ವಿಜ್ಞಾನ’ ಪತ್ರಿಕೆಯನ್ನೂ, ಸಂಪಾದಿಸಿದ ‘ಪಂಪಭಾರತ’ವನ್ನೂ ಜೊತೆಗಿಟ್ಟುಕೊಂಡು ಓದಬೇಕು. ಆಗ ಚಿತ್ರದ ಸೊಗಸೂ ಕಳೆಗುಂದದು, ಚರಿತ್ರೆಯ ತೂಕವೂ ತಪ್ಪದು.

ಇಂಥ ತಾಳೆಗೆ ಬೇಕಾದ ದಿನಚರಿಗಳು ಗ್ರಂಥಾಲಯಗಳಲ್ಲಷ್ಟೇ ಇರಬೇಕೆಂದಿಲ್ಲ. ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯಂಥ ಹೋಬಳಿ ಊರುಗಳ ಮನೆಗಳ ಅಟ್ಟದಲ್ಲಿ ಹಳೆಯ ಉಪಾಧ್ಯಾಯರ ಡೈರಿ, ಶಾನುಭೋಗರ ಕಡತ, ಕಾಗದದ ಕಟ್ಟುಗಳು ಇರಬಹುದು. ಮನೆ ರಿಪೇರಿಗೆ ಬಂದಾಗ ಮೊದಲು ರದ್ದಿಗೆ ಹೋಗುವುದು ಇವೇ. ಕನ್ನಡ ವಿಭಾಗಗಳು ಹಸ್ತಪ್ರತಿ ಸಂಗ್ರಹಕ್ಕೆ ಓಲೆಗರಿಯನ್ನೇ ಎಲ್ಲೆಯಾಗಿಸದೆ ದಿನಚರಿಗಳತ್ತಲೂ ಕೈಚಾಚಬೇಕು. ಮಾಲಹೈಡಿನಲ್ಲಿ ಕಾಗದಗಳು ಉಳಿದಿದ್ದರಿಂದಲೇ ಬಾಸ್ವೆಲ್‌ಗೆ ನ್ಯಾಯ ದೊರೆಯಿತು. ಕಾಗದ ಉಳಿಯದ ಕಡೆ ಅಂಥ ಮರುವಿಚಾರಣೆಗೆ ಅವಕಾಶವೇ ಇರದು.