ಎಸೆಯುವ ಕಾಗದವೋ, ತೊಳೆಯುವ ಬಟ್ಟೆಯೋ?

ಮಲೆನಾಡಿನ ಮನೆಗಳಲ್ಲಿ ಕಾಫಿ ಒಬ್ಬಿಬ್ಬರಿಗಾಗಿ ಆಗುವುದು ಅಪರೂಪ. ಕೊಯ್ಲಿನ ದಿನವಿರಲಿ, ಹಬ್ಬವಿರಲಿ, ಒಮ್ಮೆಗೇ ಹತ್ತು ಲೋಟ ಬೇಕು. ಪಟ್ಟಣದ ಅಂಗಡಿಗಳಲ್ಲಿ ದೊರೆಯುವ ‘ಪೋರ್ ಓವರ್’ ಸಾಧನದ ಮೇಲೆ ಈಗ ಇಂಥ ದೊಡ್ಡ ಸಂಸಾರಗಳ ಕಣ್ಣೂ ಬಿದ್ದಿದೆ. ಪುಡಿಯ ಮೇಲೆ ಬಿಸಿನೀರನ್ನು ನಿಧಾನವಾಗಿ ಸುರಿದು ಸೋಸುವುದೇ ಇದರ ಕ್ರಮ. ಕೊಳ್ಳುವವರು ಪಾತ್ರೆಯ ಗಾತ್ರದ ಜೊತೆಗೆ, ಅದರಿಂದ ನಿತ್ಯ ಹೊರಬೀಳುವ ಕಸವನ್ನೂ ಲೆಕ್ಕ ಹಾಕಬೇಕು.

ಹಾಲು ಬೆರೆಸಿ ಕುಡಿಯುವ ಮನೆಗೆ ಹೊಸ ಸಾಧನದ ಅಗತ್ಯವೇ ಇಲ್ಲ. ಗಟ್ಟಿ ಡಿಕಾಕ್ಷನ್ ಇಳಿಸಲು ಹಳೆಯ ಸ್ಟೀಲ್ ಫಿಲ್ಟರೇ ಸಾಕು. ಪೋರ್ ಓವರ್ ತೆಳುವಾದ ಕಪ್ಪುಕಾಫಿಗೆ ಹೊಂದುವಂಥದು.

ಕಾಗದದಲ್ಲಿ ಸೋಸುವ ಉಪಾಯವನ್ನು 1908ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಗೃಹಿಣಿ ಮೆಲಿಟಾ ಬೆಂಟ್ಸ್ ಕಂಡುಕೊಂಡರು. ತೂತು ಕೊರೆದ ಹಿತ್ತಾಳೆಯ ಪಾತ್ರೆಯೊಳಗೆ ಮಗನ ಶಾಲೆಯ ಮಸಿಹೀರುವ ಕಾಗದವನ್ನು ಹಾಸಿ, ಚರಟವಿಲ್ಲದ ಕಾಫಿ ಇಳಿಸಿದರು. ಕಾಗದಕ್ಕೆ ಗುಣವೂ ಉಂಟು: ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿಸುವ ಎಣ್ಣೆಯಂಶವನ್ನು ಅದು ಬಹುಪಾಲು ತಡೆಯುತ್ತದೆ, ಸ್ಟೀಲ್ ಜಾಲರಿ ಅಷ್ಟಾಗಿ ತಡೆಯದು. ಆದರೆ ದಿನಕ್ಕೆ ಎರಡು ಬಾರಿ ಕಾಫಿ ಇಳಿಸುವ ಮನೆ ವರ್ಷಕ್ಕೆ 730 ಕಾಗದಗಳನ್ನು ಕೊಂಡು ಎಸೆಯಬೇಕಾಗುತ್ತದೆ.

ಇದಕ್ಕೆ ಪರ್ಯಾಯ ದಪ್ಪ ಹತ್ತಿಬಟ್ಟೆಯ ಚೀಲ. ಕಾಫಿಯನ್ನು ಬಟ್ಟೆಯಲ್ಲಿ ಸೋಸುವುದು ಈ ಸೀಮೆಗೆ ಹೊಸತಲ್ಲ. ಚೀಲವನ್ನು ತಂತಿಯ ಬಳೆಗೆ ಹೊಲಿದು, ಕೆಳಗೆ ಸ್ಟೀಲ್ ಪಾತ್ರೆ ಇಟ್ಟರೆ ಸಾಧನ ಸಿದ್ಧ. ಸಾಬೂನು ಸೋಕಿಸದೆ ನೀರಿನಲ್ಲೇ ತೊಳೆದು, ಶುದ್ಧ ನೀರಿನಲ್ಲಿ ಮುಳುಗಿಸಿಟ್ಟು, ಆ ನೀರನ್ನು ದಿನವೂ ಬದಲಿಸಬೇಕು, ಆಗಾಗ ಕುದಿಸಬೇಕು. ಇಲ್ಲವಾದರೆ ಎಣ್ಣೆ ಕನರಿ ರುಚಿ ಕೆಡುತ್ತದೆ.

120 ಮಿಲಿಲೀಟರಿನ ಹತ್ತು ಲೋಟಗಳಿಗೆ ಸುಮಾರು 80 ಗ್ರಾಂ ಪುಡಿ ಹಿಡಿಯುತ್ತದೆ. ಪುಡಿ ತನ್ನ ತೂಕದ ಎರಡು ಪಟ್ಟು ನೀರನ್ನು ಹೀರಿಕೊಳ್ಳುವುದರಿಂದ 1.35 ಲೀಟರ್ ನೀರು ಬೇಕು. ಪುಡಿಯ ಪದರ ದಪ್ಪವಾದಷ್ಟೂ ನೀರು ಇಳಿಯಲು ತಡವಾಗಿ ಕಹಿ ಹೆಚ್ಚುತ್ತದೆ. ಆದ್ದರಿಂದ ಪುಡಿ ತರಿಯಾಗಿರಬೇಕು. ಇದಕ್ಕೂ ಹೆಚ್ಚು ಬೇಕಾದಾಗ ಎರಡು ಸಲ ಇಳಿಸುವುದೇ ಲೇಸು. ಇಳಿದ ಕಾಫಿಯನ್ನು ಒಲೆಯ ಮೇಲಿಡದೆ ಫ್ಲಾಸ್ಕಿಗೆ ಸುರಿದರೆ ರುಚಿಯೂ ಉಳಿಯುತ್ತದೆ, ಉರುವಲೂ ಉಳಿಯುತ್ತದೆ. ಚರಟ ಗೊಬ್ಬರದ ಗುಂಡಿಗೆ ಸೇರಲಿ.

ದೇಶದ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟು ಕರ್ನಾಟಕದ ಬೆಟ್ಟಗಳಲ್ಲೇ ಬೆಳೆಯುತ್ತದೆ. ಅದು ಮರಗಳ ನೆರಳಿನಲ್ಲಿ ಬೆಳೆಯುವ ಬೆಳೆ. ಆ ಮರಗಳನ್ನು ಉಳಿಸಿರೆಂದು ಬೆಳೆಗಾರರನ್ನು ಕೇಳುವ ಜನ, ತಮ್ಮ ಅಡುಗೆಮನೆಯಲ್ಲಿ ಮರದಿಂದಲೇ ಆದ ಕಾಗದವನ್ನು ದಿನವೂ ಎಸೆಯುವುದು ಸಲ್ಲದು. ಸಾಧನದ ಆಯ್ಕೆ ಇಲ್ಲಿಂದಲೇ ಮೊದಲಾಗಲಿ.