ಹೊಂದಿಕೊಳ್ಳುವ ಹೊಣೆ ಹುಡುಗರದಷ್ಟೇ ಅಲ್ಲ

ರೋಣ, ನರಗುಂದ, ಗಜೇಂದ್ರಗಡದ ಎರೆ ಹೊಲಗಳಲ್ಲಿ ಹೆಸರು ಬಿಡಿಸುವ ಹಂಗಾಮು ಶುರುವಾಗುವ ಹೊತ್ತಿಗೆ ಧಾರವಾಡ, ಹುಬ್ಬಳ್ಳಿ, ಗದಗಿನ ಕಾಲೇಜುಗಳಲ್ಲಿ ಮೊದಲ ಸೆಮಿಸ್ಟರ್ ಕುದುರುತ್ತಿರುತ್ತದೆ. ಪೀಕು ಪೇಟೆಗೆ ಹೋಗಿ ರೊಕ್ಕ ಕೈಗೆ ಬರುವ ಮೊದಲೇ ಫೀ ಕಟ್ಟಬೇಕು, ಖೋಲಿಗೆ ಮುಂಗಡ ಕೊಡಬೇಕು. ಹೊಲಕ್ಕೆ ಆಳು ಸಿಗದಿದ್ದರೆ ಹುಡುಗ ಪುಸ್ತಕ ಮುಚ್ಚಿಟ್ಟು ಊರಿಗೆ ಬರಬೇಕು. ಮರಳಿ ಹೋಗುವಷ್ಟರಲ್ಲಿ ಪಾಠ ಮುಂದೆ ಸರಿದಿರುತ್ತದೆ, ಹಾಜರಿ ಶೇ. 75ಕ್ಕಿಂತ ಕೆಳಗೆ ಇಳಿಯತೊಡಗಿರುತ್ತದೆ. ‘ಹಳ್ಳಿ ಹುಡುಗ, ಇಲ್ಲಿಗೆ ಹೊಂದಿಕೊಳ್ಳಲಿಲ್ಲ’ ಎಂಬ ಷರಾ ಅವನ ಮೇಲೆ ಬೀಳುವುದು ಆಗ.

ಆ ಷರಾ ಅನ್ಯಾಯದ್ದು. ನಮ್ಮ ಭಾಗದ ಶಿಕ್ಷಣದ ಇತಿಹಾಸವೇ ಅದನ್ನು ಒಪ್ಪುವುದಿಲ್ಲ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವ ತನಕ ಇಲ್ಲಿಯವರು ಪದವಿಗಾಗಿ ಪುಣೆ, ಮುಂಬೈಗಳಿಗೆ ಹೋಗಬೇಕಿತ್ತು. ರೋಣ ತಾಲ್ಲೂಕಿನ ಹೊಳೆ ಆಲೂರಿನ ಮನೆತನದ ಆಲೂರ ವೆಂಕಟರಾಯರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ಮರಾಠಿಯ ನಡುವೆ. ಧಾರವಾಡದಲ್ಲೇ ಕಾಲೇಜು ಬಂದ ಮೇಲೆ, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೂ ಹುಟ್ಟಿದ ಮೇಲೆ, ಹಳ್ಳಿಯ ಮಕ್ಕಳು ಅಲ್ಲಿ ನೆಲೆ ನಿಂತದ್ದು ಬರೀ ತಮ್ಮ ಛಲದಿಂದಲ್ಲ. ವಾರಾನ್ನ ಹಾಕಿದ ಮನೆಗಳಿದ್ದವು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯವಿತ್ತು; ಮಠದ ಸ್ವಾಮಿಗಳಾಗಿದ್ದ ಮೃತ್ಯುಂಜಯ ಅಪ್ಪಗಳ ಆ ಆಸರೆಯಲ್ಲಿ ಉಂಡು ಓದಿದವರು ಉತ್ತರ ಕರ್ನಾಟಕದ ತುಂಬ ಇದ್ದಾರೆ. ಅವ್ವ ನಸುಕಿನಲ್ಲಿ ಬಡಿದ ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಚಟ್ನಿಯ ಬುತ್ತಿಗಂಟು ಬಸ್ಸಿನಲ್ಲಿ ಒಂಟಿಯಾಗಿ ಪ್ರಯಾಣ ಮಾಡಿ ಧಾರವಾಡದ ನಿಲ್ದಾಣದಲ್ಲಿ ಮಗನ ಕೈ ಸೇರುತ್ತಿತ್ತು. ಡ್ರೈವರ್, ಕಂಡಕ್ಟರ್, ಮಠ, ಓಣಿಯ ಹಿರಿಯರು ಎಲ್ಲರೂ ಅವನ ಓದಿನಲ್ಲಿ ಪಾಲುದಾರರು. ಹುಡುಗ ಧಾರವಾಡಕ್ಕೆ ಹೊಂದಿಕೊಂಡ, ನಿಜ. ಧಾರವಾಡವೂ ಹುಡುಗನಿಗೆ ಹೊಂದಿಕೊಂಡಿತ್ತು.

‘ನಾವು ಕಷ್ಟಪಟ್ಟೇ ಓದಿದೆವು, ಕಷ್ಟ ಮನುಷ್ಯನನ್ನು ಗಟ್ಟಿ ಮಾಡುತ್ತದೆ’ ಎನ್ನುವವರಿದ್ದಾರೆ. ಅವರ ಅನುಭವವನ್ನು ಗೌರವಿಸುತ್ತೇನೆ. ಆದರೆ ಈ ಮಾತು ಆಡುವವರು ದಾಟಿ ಬಂದವರು. ಮೊದಲ ವರ್ಷವೇ ಟ್ರಂಕು ಎತ್ತಿಕೊಂಡು ಮರಳಿ ಗಜೇಂದ್ರಗಡದ ಮಗ್ಗದ ಮುಂದೆಯೋ, ನರಗುಂದದ ಹೊಲದಲ್ಲೋ ಕೂತವರನ್ನು ಸತ್ಕಾರ ಸಮಾರಂಭಗಳಲ್ಲಿ ಮಾತಾಡಲು ಯಾರೂ ಕರೆಯುವುದಿಲ್ಲ. ಅವರ ಸಾಕ್ಷ್ಯ ಕೇಳದೆ ಕಷ್ಟದ ಗುಣಗಾನ ಮಾಡುವುದು ಸರಿಯಲ್ಲ.

ಯಾರು ಕಾಲೇಜಿನಲ್ಲಿ ಉಳಿಯುತ್ತಾರೆ, ಯಾರು ಬಿಡುತ್ತಾರೆ ಎಂಬ ಈ ಪ್ರಶ್ನೆಯನ್ನೇ ಅಮೆರಿಕದ ಶಿಕ್ಷಣ ಸಂಶೋಧಕ ವಿನ್ಸೆಂಟ್ ಟಿಂಟೊ 1975ರಲ್ಲಿ ಎತ್ತಿಕೊಂಡಿದ್ದರು. ಕಾಲೇಜಿನ ಪಾಠ ಮತ್ತು ಅಲ್ಲಿನ ಬಳಗ, ಈ ಎರಡರೊಳಗೂ ಬೆರೆತವರು ಉಳಿಯುತ್ತಾರೆ, ಬೆರೆಯದವರು ಬಿಟ್ಟುಹೋಗುತ್ತಾರೆ ಎಂಬುದು ಅವರ ವಾದದ ತಿರುಳು. ಇದಕ್ಕೆ ಆಕ್ಷೇಪವೂ ಬಂತು: ಬೆರೆಯಬೇಕೆಂದರೆ ಬಡವರ, ಮೂಲನಿವಾಸಿಗಳ ಮಕ್ಕಳು ತಮ್ಮ ಮನೆಯ ಬದುಕನ್ನು ಹೊಸ್ತಿಲಾಚೆ ಬಿಟ್ಟು ಬರಬೇಕೇ? ನನಗೆ ಎರಡೂ ಮಾತು ಬೇಕು. ಬಳಗ ಬೇಕೇ ಬೇಕು. ಅದಕ್ಕಾಗಿ ತನ್ನ ‘ಹೌದ್ರಿ’, ‘ಇಲ್ರಿ’ಗಳಿಗೆ ನಾಚಿಕೊಳ್ಳುವ ಸ್ಥಿತಿ ಯಾವ ಹುಡುಗಿಗೂ ಬರಬಾರದು.

ಹುಡುಗಿಯರ ವಿಷಯ ತುಸು ಬಿಡಿಸಿ ಹೇಳಬೇಕು. 2023ರ ಜೂನ್ 11ರಂದು ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ತಪ್ಪಿತು. ಪಿಯುಸಿಗೇ ಓದು ನಿಲ್ಲಬಹುದಾಗಿದ್ದ ಮಗಳೂ ಗದಗಿಗೋ ಹುಬ್ಬಳ್ಳಿಗೋ ಹೋಗಿ ಓದುವ ದಾರಿ ತೆರೆಯಿತು. ಇದು ದೊಡ್ಡ ಉಪಕಾರ. ಆದರೆ ‘ದಿನಾ ಹೋಗಿ ಬರಬಹುದಲ್ಲ, ಹಾಸ್ಟೆಲ್ ಯಾಕೆ?’ ಎಂಬ ಮಾತಿಗೂ ಇದರಿಂದ ಬಲ ಬರುತ್ತದೆ. ನರಗುಂದದಿಂದ ಹುಬ್ಬಳ್ಳಿ 50 ಕಿ.ಮೀ. ಮೇಲೆ. ನಸುಕಿನಲ್ಲಿ ಹೊರಟು ಹೊತ್ತು ಮುಳುಗಿದ ಮೇಲೆ ಮನೆ ಸೇರುವವಳಿಗೆ ತರಗತಿ ಸಿಗುತ್ತದೆ. ಸಂಜೆಯ ಗ್ರಂಥಾಲಯ, ನಾಟಕ, ಚರ್ಚಾಕೂಟ, ಗೆಳತಿಯ ಜೊತೆ ಕೂತು ಅರ್ಥವಾಗದ ಪಾಠ ಬಿಡಿಸಿಕೊಳ್ಳುವ ಹೊತ್ತು, ಇವು ಸಿಗುವುದಿಲ್ಲ. ಮನೆಗೆ ಬಂದರೆ ಕಸ-ಮುಸುರೆ ಕಾದಿರುತ್ತದೆ. ವಿಶ್ವವಿದ್ಯಾಲಯದ ಓದಿನಲ್ಲಿ ಅರ್ಧ ಪಾಲು ನಡೆಯುವುದು ಕೊನೆಯ ಬಸ್ಸು ಹೋದ ಮೇಲೆ.

ಇನ್ನು ಇಂಗ್ಲಿಷ್. ಬಿ.ಎ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ವಿಜ್ಞಾನ ಹಿಡಿದವರಿಗೆ ಆ ಅನುಕೂಲ ಅಷ್ಟು ಸುಲಭಕ್ಕೆ ಸಿಗದು. ಅವರು ಪ್ರಶ್ನೆ ಕೇಳದೆ ಸುಮ್ಮನಿರುವುದು ತಿಳಿವಳಿಕೆ ಇಲ್ಲದ್ದಕ್ಕಲ್ಲ, ಬಾಯಿ ತೆರೆದರೆ ನಕ್ಕಾರು ಎಂಬ ಅಂಜಿಕೆಗೆ. ಕನ್ನಡದಲ್ಲೇ ಕೇಳು ಎಂದು ಮೊದಲ ದಿನವೇ ಹೇಳುವ ಒಬ್ಬ ಮೇಷ್ಟ್ರು ಸಾಕು, ಅರ್ಧ ತರಗತಿ ಉಳಿಯುತ್ತದೆ. ಆದರೆ ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರ ನೇಮಕ ತಡವಾದಾಗ, ಹೊಸಬರು ಯಾರನ್ನಾದರೂ ಗುರುತು ಹಿಡಿಯಬೇಕಾದ ವಾರಗಳಲ್ಲೇ ಮೇಜಿನ ಹಿಂದೆ ಯಾರೂ ಇರುವುದಿಲ್ಲ. ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳಲೆಂದು ಯುಜಿಸಿ 2019ರಲ್ಲಿ ‘ದೀಕ್ಷಾರಂಭ’ ಎಂಬ ಕಾರ್ಯಕ್ರಮ ರೂಪಿಸಿತು. ಅದು ಒಂದು ಮುಂಜಾನೆಯ ಭಾಷಣ, ಹಾರಗಳಲ್ಲಿ ಮುಗಿದರೆ ಹುಡುಗರಿಗೆ ಏನೂ ದಕ್ಕುವುದಿಲ್ಲ.

ಮಕ್ಕಳ ಪಾಲಿನ ಹೊಣೆ ಇಲ್ಲವೆಂದಲ್ಲ. ನಸುಕಿನಲ್ಲಿ ಏಳುವುದು, ಮೊಬೈಲ್ ಪಕ್ಕಕ್ಕಿಡುವುದು, ಊರಿನ ಗೆಳೆಯರ ಖೋಲಿಯಾಚೆಗೂ ಸ್ನೇಹ ಬೆಳೆಸುವುದು ಅವರೇ ಮಾಡಬೇಕಾದ ಕೆಲಸ. ಉಳಿದದ್ದು ನಮ್ಮದು. ಮನೆಯವರೇ, ಮಗಳಿಗೂ ಹಾಸ್ಟೆಲ್ ಅರ್ಜಿ ಹಾಕಿಸಿರಿ. ಸೀಟು ಸಿಗದೆ, ಅರ್ಹತೆ ಇದ್ದರೆ, ಊಟ-ವಸತಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆಗೆ ಅರ್ಜಿ ಕೊಡಿಸಿರಿ. ಪ್ರಾಂಶುಪಾಲರೇ, ನಿಮ್ಮಲ್ಲಿರುವ ಅತ್ಯುತ್ತಮ ಅಧ್ಯಾಪಕರನ್ನು ಮೊದಲ ಸೆಮಿಸ್ಟರಿನ ತರಗತಿಗೆ ಕಳಿಸಿರಿ, ಮತ್ತು ಹೆಸರಿನ ಹಂಗಾಮಿಗೆ ಊರಿಗೆ ಹೋಗಿ ಬಂದ ಹುಡುಗನಿಗೆ ತಪ್ಪಿದ ಪಾಠವನ್ನು ಇನ್ನೊಮ್ಮೆ ಹೇಳಿಸಿರಿ.